ರಾತ್ರಿ ಒಂಬತ್ತೂವರೆಗೆ ಬರುವ ‘ಅತಿ ತುರ್ತು’

(ಹಾಸನದಲ್ಲಿ ಒಂದು ಭಾನುವಾರ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮ ಆಡಳಿತಾಧಿಕಾರಿಗಳು, ಸಕಲೇಶಪುರ, ಆಲೂರು ಕಡೆಯ ಕೆಲವು ಬೆಳೆಗಾರರು ಸೇರಿದ್ದ ಸಭೆಯಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಒಂದಿಷ್ಟು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಒಂದು ಮೆಸೇಜಿನಿಂದ ಶುರು ಮಾಡುತ್ತೇನೆ. ‘ಅತಿ ತುರ್ತು. ಕೆಳಕಂಡ ನಮೂನೆಯಲ್ಲಿ ಮಾಹಿತಿಯನ್ನು ನಾಳೆ ಬೆಳಿಗ್ಗೆ 10 ಗಂಟೆಯೊಳಗೆ ತಪ್ಪದೇ ಸಲ್ಲಿಸುವುದು.’ ಇಲ್ಲಿ ಕೂತಿರುವ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಈ ಮೆಸೇಜು ಗೊತ್ತು. ಅದು ಬರುವ ಹೊತ್ತೂ ಗೊತ್ತು, ರಾತ್ರಿ ಒಂಬತ್ತೂವರೆ. ಊಟ ಆಗಿರುತ್ತದೆ, ಇಲ್ಲಾಂದರೆ ತಟ್ಟೆ ಮುಂದೆ ಇರುತ್ತದೆ. ನೋಡ ನೋಡುತ್ತಲೇ ಅದರ ಕೆಳಗೆ ಸಾಲುಸಾಲು ‘ಓಕೆ ಸರ್’, ಕೈ ಮುಗಿದ ಚಿತ್ರಗಳು. ನೀವು ಹಾಕದಿದ್ದರೆ ಹಾಕಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಕೇಳಿರುವ ಮಾಹಿತಿ ಇರುವುದು ಶಾಲೆಯ ಬೀರುವಿನೊಳಗಿನ ರಿಜಿಸ್ಟರಿನಲ್ಲಿ, ಶಾಲೆ ಇರುವುದು ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಊರಿನಲ್ಲಿ. ಆ ರಾತ್ರಿ ನೀವು ಮಾಡಬಹುದಾದ ಕೆಲಸ ಏನೂ ಇಲ್ಲ. ಆದರೂ ನಿದ್ದೆ ಹೋಯಿತು.

ಆ ಹೋದ ನಿದ್ದೆಯ ಬಗ್ಗೆ ಇವತ್ತು ಮಾತಾಡಬೇಕು.

ನಾನು ಮನಃಶಾಸ್ತ್ರ ಪಾಠ ಮಾಡುವವಳು. ಸಮಾಲೋಚನೆಗೆ ಅಂತಲೂ ಜನ ಬರುತ್ತಾರೆ. ಈಚೆಗೆ ಬರುವವರ ಮಾತಿನಲ್ಲಿ ಎಲ್ಲೋ ಒಂದು ಕಡೆ ಫೋನ್ ಬಂದೇ ಬರುತ್ತದೆ. ಬರುವಾಗಲೇ ತಪ್ಪು ತಮ್ಮದೇ ಅಂತ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ‘ನನಗೆ ಕಂಟ್ರೋಲ್ ಇಲ್ಲ ಮೇಡಂ’, ‘ಮನಸ್ಸು ಗಟ್ಟಿ ಇಲ್ಲ ಮೇಡಂ’ ಅನ್ನುತ್ತಾರೆ. ಇಂಥ ಸಭೆಗಳಲ್ಲೂ ನಾವು ಅದನ್ನೇ ಗಟ್ಟಿ ಮಾಡಿ ಕಳಿಸುತ್ತೇವೆ. ಫೋನ್ ಕಡಿಮೆ ಮಾಡಿ, ಯೋಗ ಮಾಡಿ, ಬೆಳಿಗ್ಗೆ ವಾಕಿಂಗ್ ಹೋಗಿ ಅನ್ನುತ್ತೇವೆ. ಮಾಡಿ, ಬೇಡ ಅನ್ನುವುದಿಲ್ಲ, ಅದರಿಂದ ಒಳ್ಳೆಯದೇ ಆಗುತ್ತದೆ. ಆದರೆ ನಾನು ನೋಡಿದ ಮಟ್ಟಿಗೆ ಈ ಒತ್ತಡದ ದೊಡ್ಡ ಪಾಲು ಎರಡು ಕಡೆಯಿಂದ ಬರುತ್ತದೆ. ಫೋನ್ ಶಬ್ದ ಮಾಡಿದಾಗ ಅದು ಮುಖ್ಯವೋ ಅಲ್ಲವೋ ಗೊತ್ತಾಗದೇ ಇರುವುದು ಒಂದು. ನೋಡಿದ ತಕ್ಷಣ ಉತ್ತರ ಕೊಡಬೇಕು ಅಂತ ಆ ಕಡೆಯವರು ಕಾಯುತ್ತಿರುವುದು ಇನ್ನೊಂದು. ಎರಡನ್ನೂ ನೀವೊಬ್ಬರೇ ಮಾಡಿಕೊಂಡದ್ದಲ್ಲ, ಆದ್ದರಿಂದ ನೀವೊಬ್ಬರೇ ಕೂತು ಸರಿಪಡಿಸಿಕೊಳ್ಳಲೂ ಆಗುವುದಿಲ್ಲ. ಮನೆಯವರು, ಜೊತೆ ಕೆಲಸ ಮಾಡುವವರು, ಮೇಲಿನವರು, ಎಲ್ಲರೂ ಕೂತು ಮಾತಾಡಿಕೊಳ್ಳಬೇಕಾದ ವಿಷಯ ಇದು. ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ, ಉಳಿದದ್ದೆಲ್ಲ ಇದರ ವಿವರ.

ಯಂತ್ರದಿಂದ ಬರುವ ಒತ್ತಡ ಸ್ಮಾರ್ಟ್‌ಫೋನ್ ಜೊತೆ ಹುಟ್ಟಿದ್ದಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಕ್ರೇಗ್ ಬ್ರಾಡ್ 1984ರಲ್ಲೇ ಇದರ ಬಗ್ಗೆ ಒಂದು ಪುಸ್ತಕ ಬರೆದರು. ಆಗ ಅಲ್ಲಿನ ಆಫೀಸುಗಳಿಗೆ ಕಂಪ್ಯೂಟರ್ ಬರುತ್ತಿದ್ದ ಕಾಲ. ಕೆಲವು ಗುಮಾಸ್ತರಿಗೆ ಅದನ್ನು ಮುಟ್ಟಲೇ ಭಯ. ಇನ್ನು ಕೆಲವರು ಯಂತ್ರದ ವೇಗಕ್ಕೆ ಎಷ್ಟು ಹೊಂದಿಕೊಂಡುಬಿಟ್ಟರು ಅಂದರೆ ಮನೆಗೆ ಬಂದ ಮೇಲೆ ಹೆಂಡತಿ ಮಕ್ಕಳು ನಿಧಾನ ಅನ್ನಿಸಿ ರೇಗುತ್ತಿದ್ದರು. ಎರಡೂ ತೊಂದರೆಯೇ ಅಂತ ಅವರು ಗುರುತಿಸಿದರು. ಆಮೇಲೆ 2007ರಲ್ಲಿ ಮೊನಿದೀಪಾ ತರಫ್ದಾರ್ ಮತ್ತು ಅವರ ಜೊತೆಗಾರರು ಕೆಲಸದ ಜಾಗದಲ್ಲಿ ಈ ಒತ್ತಡ ಯಾವ ಯಾವ ದಾರಿಯಲ್ಲಿ ಬರುತ್ತದೆ ಅಂತ ಐದು ವಿಂಗಡಣೆ ಮಾಡಿದರು. ಕೆಲಸ ಜಾಸ್ತಿಯಾಗುವುದು, ಕೆಲಸ ಮನೆಯೊಳಗೆ ನುಗ್ಗುವುದು, ಅರ್ಥವಾಗದಷ್ಟು ತೊಡಕಾಗುವುದು, ನನ್ನ ಜಾಗಕ್ಕೆ ಬೇರೆಯವರು ಬಂದಾರು ಅನ್ನುವ ಭಯ, ಮತ್ತೆ ಒಂದನ್ನು ಕಲಿಯುವಷ್ಟರಲ್ಲಿ ಅದು ಬದಲಾಗಿರುವುದು.

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಅಂಗನವಾಡಿ ಟೀಚರುಗಳು. 2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಆ್ಯಪ್ ಬಂತು. ಮಗುವಿನ ತೂಕ, ಎತ್ತರ, ಹಾಜರಿ, ಯಾರಿಗೆ ಆಹಾರ ಕೊಟ್ಟಿರಿ, ಎಲ್ಲ ಅದರಲ್ಲಿ. ಪುಸ್ತಕದಲ್ಲೂ ಬರೆಯಬೇಕು. ಆಮೇಲೆ ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತಿಸುವ ವ್ಯವಸ್ಥೆ ಬಂತು. ಬಾಣಂತಿ ಬಂದು ನಿಂತಿದ್ದಾಳೆ, ಆ್ಯಪ್ ಅವಳ ಮುಖ ಒಪ್ಪುತ್ತಿಲ್ಲ, ಓಟಿಪಿ ಹೋಗಿರುವ ನಂಬರ್ ಗಂಡನ ಹತ್ತಿರ, ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿ. ಇಷ್ಟರ ನಡುವೆ ಇಪ್ಪತ್ತು ಪುಟ್ಟ ಮಕ್ಕಳು. ಆ ಹೆಣ್ಣುಮಗಳಿಗೆ ಹೋಗಿ ‘ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟು ದೀರ್ಘವಾಗಿ ಉಸಿರಾಡಿ’ ಅಂದರೆ ಹೇಗಿರುತ್ತದೆ? ಅವಳ ಒತ್ತಡ ಅವಳ ಉಸಿರಿನಲ್ಲಿಲ್ಲ. ಬಾಣಂತಿಗೆ ಆಹಾರ ಕೊಡದೆ ಕಳಿಸಬೇಕಲ್ಲ ಅನ್ನುವುದರಲ್ಲಿದೆ. ತಾನು ಮಾಡಿದ ಕೆಲಸ ಆ್ಯಪಿನಲ್ಲಿ ಕಾಣದಿದ್ದರೆ ಮಾಡಿಯೇ ಇಲ್ಲ ಅಂತ ಆಗುತ್ತದಲ್ಲ ಅನ್ನುವುದರಲ್ಲಿದೆ.

ಗ್ರಾಮ ಆಡಳಿತಾಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಬೇಡಿಕೆಗಳು ಹಲವು ಇದ್ದವು, ಅದರಲ್ಲಿ ಮುಖ್ಯವಾದದ್ದು ಇದು: ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಿ ಅನ್ನುತ್ತೀರಿ, ಅದಕ್ಕೆ ಬೇಕಾದ ಸಲಕರಣೆ ಕೊಡುವುದಿಲ್ಲ. ಆಗ ಕೆಲವರು ‘ಸರ್ಕಾರಿ ನೌಕರರಿಗೆ ಕೆಲಸ ಮಾಡೋಕೆ ಸೋಮಾರಿತನ’ ಅಂದರು. ನನಗೆ ಆ ಮಾತು ಕೇಳಿ ಬೇಜಾರಾಯಿತು. ನಾನು ಓದಿದ ಸಂಶೋಧನೆಗಳು ಏನು ಹೇಳುತ್ತವೋ ಅದನ್ನೇ ಆ ಜನ ಬೀದಿಯಲ್ಲಿ ಕೂತು ಹೇಳುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಶಿಕ್ಷಕರಿಗೂ ಇದೇ ಅನುಭವ. ಮೊದಲ ದಿನಗಳಲ್ಲಿ ಆ್ಯಪ್ ತೆರೆಯುವುದೇ ಕಷ್ಟ. ಮಲೆನಾಡಿನ ಭಾಗದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು ಹತ್ತಬೇಕು. ಹತ್ತಿದ ಮೇಲೆ ರೇಂಜ್ ಇಲ್ಲ.

ಒಟ್ಟಿನಲ್ಲಿ, ಆ್ಯಪ್ ಸರಿ ಇಲ್ಲದಿದ್ದರೆ ಅದನ್ನು ಸರಿ ಮಾಡಿ ಅಂತ ಕೇಳುವುದೇ ಒತ್ತಡ ನಿಭಾಯಿಸುವ ಮೊದಲ ಹೆಜ್ಜೆ. ಅದು ಮನಃಶಾಸ್ತ್ರದ ಹೊರಗಿನ ಮಾತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ಮೈಯೊಳಗೆ ಏನಾಗುತ್ತದೆ ನೋಡೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಜನ ಪರದೆ ಮುಂದೆ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡುತ್ತಾ ಬಂದಿದ್ದಾರೆ. 2004ರಲ್ಲಿ ಒಬ್ಬರು ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ಇಡುತ್ತಿದ್ದರು. ಈಚಿನ ಲೆಕ್ಕದಲ್ಲಿ ಅದು ಸುಮಾರು 47 ಸೆಕೆಂಡ್. 2008ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಕೆಲಸದ ನಡುವೆ ಪದೇ ಪದೇ ಅಡ್ಡಿ ಆದವರು ಕೆಲಸವನ್ನು ನಿಧಾನವಾಗಿ ಮುಗಿಸಲಿಲ್ಲ, ಬೇಗ ಮುಗಿಸಿದರು. ಕಳೆದ ಹೊತ್ತನ್ನು ತುಂಬಿಕೊಳ್ಳಬೇಕು ಅಂತ ಓಡಿದರು. ಆದರೆ ಅವರ ಒತ್ತಡ, ಕಿರಿಕಿರಿ ಜಾಸ್ತಿಯಾಗಿತ್ತು. ಅಂದರೆ ಹೊರಗಿನಿಂದ ನೋಡುವ ಮೇಲಧಿಕಾರಿಗೆ ಏನೂ ಕಾಣುವುದಿಲ್ಲ. ಕೆಲಸ ಆಗಿದೆ ಅಲ್ವಾ, ಏನು ತೊಂದರೆ? ತೊಂದರೆ ಕಾಣುವುದು ಸಂಜೆ ಮನೆಯಲ್ಲಿ, ಮಗ ಲೆಕ್ಕ ಕೇಳಲು ಬಂದಾಗ.

ಅವರೇ 2012ರಲ್ಲಿ ಇನ್ನೊಂದು ಮಾಡಿದರು. ಹದಿಮೂರು ನೌಕರರಿಗೆ ಐದು ಕೆಲಸದ ದಿನ ಇಮೇಲ್ ಪೂರ್ತಿ ನಿಲ್ಲಿಸಿದರು, ಎದೆಬಡಿತ ಅಳೆಯುವ ಪಟ್ಟಿ ಕಟ್ಟಿದರು. ಹದಿಮೂರು ಜನ ಅಂದರೆ ಚಿಕ್ಕ ಗುಂಪು, ಅದರ ಮೇಲೆ ದೊಡ್ಡ ಮಾತು ಆಡಬಾರದು. ಆದರೂ ಫಲ ಸ್ಪಷ್ಟವಾಗಿತ್ತು. ಅವರ ಎದೆಬಡಿತದಲ್ಲಿ ಒತ್ತಡದ ಗುರುತು ಕಡಿಮೆಯಾಯಿತು, ಒಂದು ಕೆಲಸದ ಮೇಲೆ ಜಾಸ್ತಿ ಹೊತ್ತು ನಿಂತರು. ಯಾರಿಗಾದರೂ ಏನಾದರೂ ಬೇಕಾದರೆ ಎದ್ದು ಹೋಗಿ ಮಾತಾಡಿದರು.

ಜೇಬಿನಲ್ಲಿ ಫೋನ್ ನಡುಗಿದ ಹಾಗೆ ಅನ್ನಿಸಿ, ತೆಗೆದು ನೋಡಿದರೆ ಏನೂ ಬಂದಿರುವುದಿಲ್ಲ, ಇದು ಎಷ್ಟು ಜನಕ್ಕೆ ಆಗುತ್ತದೆ? ಕೈ ಎತ್ತಿ. ಹೌದು, ಸುಮಾರು ಎಲ್ಲರೂ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ 2012ರಲ್ಲಿ ಕೇಳಿದಾಗ ನೂರರಲ್ಲಿ 89 ಜನ ಹೌದು ಅಂದಿದ್ದರು. ಇದು ಕಾಯಿಲೆ ಅಲ್ಲ, ಹೆದರಬೇಡಿ. ಮೆದುಳು ಸದಾ ಕಾವಲು ಕೂತಿದೆ ಅಂತ ಮಾತ್ರ ಅರ್ಥ. ಬಟ್ಟೆ ಉಜ್ಜಿದ್ದನ್ನೂ ಕರೆ ಅಂದುಕೊಳ್ಳುತ್ತದೆ.

ಈ ಕಾವಲಿನ ವಿಷಯಕ್ಕೆ ಬಂದಾಗ ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಹೇಳಬೇಕು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಆನೆ ಗ್ರೂಪ್ ಗೊತ್ತು. ಆ ಕಡೆ ಮೂಡಿಗೆರೆಯವರಿಗೂ ಗೊತ್ತು. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ, ಯಾವ ತೋಟ ದಾಟಿ ಯಾವ ಕಡೆ ಹೊರಟಿದೆ ಅಂತ ವಾಟ್ಸಾಪ್‌ನಲ್ಲಿ, ಎಸ್ಸೆಮ್ಮೆಸ್‌ನಲ್ಲಿ ತಿಳಿಸುತ್ತಾರೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಬೆಳಿಗ್ಗೆ ತೋಟಕ್ಕೆ ಆಳುಗಳು ನಡೆದು ಹೋಗುವ ಹೊತ್ತಿಗೆ, ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುವ ಹೊತ್ತಿಗೆ ಆ ಒಂದು ಸಾಲು ಬಂದರೆ ಜೀವ ಉಳಿಯುತ್ತದೆ. ಇಂಥ ಜಾಗದಲ್ಲಿ ನಿಂತು ‘ನೋಟಿಫಿಕೇಶನ್ ಎಲ್ಲ ಆಫ್ ಮಾಡಿ, ನೆಮ್ಮದಿಯಾಗಿರಿ’ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಆದರೆ ಆ ಕಡೆಯ ಒಬ್ಬರು ಬೆಳೆಗಾರರು ನನಗೆ ಹೇಳಿದ್ದು ಕೇಳಿ. ಅವರು ಇರುವ ಊರಿನ ಗ್ರೂಪಿನಲ್ಲಿ ಆನೆ ಸುದ್ದಿಯ ಜೊತೆ ಶುಭೋದಯ ಬರುತ್ತದೆ. ಹುಟ್ಟುಹಬ್ಬದ ಕೇಕ್ ಬರುತ್ತದೆ, ಅದಕ್ಕೆ ಅರವತ್ತು ಜನರ ಶುಭಾಶಯ. ಚುನಾವಣೆ ಹತ್ತಿರ ಬಂದರೆ ಕೇಳುವುದೇ ಬೇಡ. ಎಲ್ಲೋ ಕೇರಳದಲ್ಲಿ ಯಾವುದೋ ವರ್ಷ ಆನೆ ಜೀಪ್ ಉರುಳಿಸಿದ ವಿಡಿಯೋ ಬರುತ್ತದೆ, ನಮ್ಮೂರಿನದೇ ಅಂತ ಒಂದು ಗಂಟೆ ಗಾಬರಿ. ಅವರು ಮೊದಮೊದಲು ಪ್ರತಿಯೊಂದಕ್ಕೂ ಬೆಚ್ಚಿ ನೋಡುತ್ತಿದ್ದರಂತೆ. ಕೊನೆಗೆ ಬೇಸತ್ತು ಗ್ರೂಪ್ ಮ್ಯೂಟ್ ಮಾಡಿದರು. ಮ್ಯೂಟ್ ಮಾಡಿದ ಮೇಲೆ ಇನ್ನೊಂದು ಭಯ ಶುರುವಾಯಿತು, ನಾನು ನೋಡದೇ ಇದ್ದಾಗಲೇ ಆನೆ ಬಂದರೆ? ಹಾಗಾಗಿ ಈಗ ಶಬ್ದ ಬರದಿದ್ದರೂ ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಾರೆ. ಶಬ್ದ ಇದ್ದರೂ ನೆಮ್ಮದಿ ಇಲ್ಲ, ಇಲ್ಲದಿದ್ದರೂ ಇಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ತಮಟೆ ಬಡಿತ ಕೇಳಿದರೆ ಸಾಕು, ಒಳಗೆ ಅಡುಗೆ ಮಾಡುತ್ತಿದ್ದವರಿಗೂ ಅದು ಹಬ್ಬದ್ದೋ ಸಾವಿನದೋ ಅಂತ ತಿಳಿಯುತ್ತಿತ್ತು. ಎದ್ದು ಹೊರಗೆ ಬಂದು ನೋಡಬೇಕಾಗಿರಲಿಲ್ಲ. ನಮ್ಮ ಫೋನಿಗೆ ಇರುವುದು ಒಂದೇ ಬಡಿತ. ಆನೆಗೂ ಅದೇ, ಕೇಕಿಗೂ ಅದೇ, ಮೇಲಧಿಕಾರಿಯ ‘ಅತಿ ತುರ್ತು’ವಿಗೂ ಅದೇ, ಚಿನ್ನದ ಸಾಲ ಬೇಕಾ ಅಂತ ಕೇಳುವವರಿಗೂ ಅದೇ. ಎಲ್ಲಕ್ಕೂ ಎದ್ದು ಬರಬೇಕಾಗಿದೆ. ಸುಸ್ತಾಗುವುದು ಇದಕ್ಕೆ.

ಇದಕ್ಕೆ ಪರಿಹಾರ ಇದೆ, ಮತ್ತು ದುಬಾರಿಯದಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಬಹುದು. ಆನೆ ಸುದ್ದಿಗೆ ಅಂತಲೇ ಅಂಥ ಒಂದು ಗ್ರೂಪ್ ಇರಲಿ, ಅಲ್ಲಿ ಬೇರೆ ಏನೂ ಬರಬಾರದು, ಧನ್ಯವಾದ ಕೂಡ. ಮಾತುಕತೆಗೆ ಬೇರೆ ಗ್ರೂಪ್ ಇಟ್ಟುಕೊಳ್ಳಿ. ಆನೆ ಗ್ರೂಪಿಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ರಿಂಗ್‌ಟೋನ್ ಕೊಡಿ. ಗ್ರೂಪಿನ ಹೆಸರಿನ ಮೇಲೆ ಒತ್ತಿದರೆ ನೋಟಿಫಿಕೇಶನ್ ಅಂತ ಸಿಗುತ್ತದೆ, ಅಲ್ಲಿದೆ. ನಿಮ್ಮ ಮಗಳಿಗೆ ಹೇಳಿದರೆ ಮಾಡಿಕೊಡುತ್ತಾಳೆ. ಆ ಟೋನ್ ಬಂದರೆ ಮಾತ್ರ ಎದ್ದರೆ ಸಾಕು, ಉಳಿದದ್ದಕ್ಕೆ ಏಳಬೇಕಾಗಿಲ್ಲ ಅಂತ ಮೈಗೆ ಕೆಲವು ವಾರದಲ್ಲಿ ಗೊತ್ತಾಗುತ್ತದೆ. ಇಷ್ಟಕ್ಕೂ ಊರಿನವರೆಲ್ಲ ಒಪ್ಪಬೇಕು. ಅದಕ್ಕೇ ಹೇಳಿದ್ದು, ಇದು ಒಬ್ಬರಿಂದ ಆಗುವ ಕೆಲಸ ಅಲ್ಲ ಅಂತ.

ಬೆಳೆಗಾರರಿಗೇ ಇನ್ನೊಂದು ಮಾತು, ಕಾಫಿ ರೇಟಿನ ಬಗ್ಗೆ. ರೋಬಸ್ಟಾ ಬೆಲೆ ನಿಲ್ಲುವುದು ಲಂಡನ್ ಮಾರುಕಟ್ಟೆಯ ಮೇಲೆ, ಅರೇಬಿಕಾ ನ್ಯೂಯಾರ್ಕ್ ಮೇಲೆ. ಲಂಡನ್ ಬಾಗಿಲು ತೆಗೆಯುವ ಹೊತ್ತಿಗೆ ನಮಗೆ ಮಧ್ಯಾಹ್ನ ಆಗಿರುತ್ತದೆ, ಅಲ್ಲಿಂದ ನಮ್ಮ ರಾತ್ರಿವರೆಗೂ ಏರಿಳಿತ. 2024, 2025ರಲ್ಲಿ ರೇಟು ಯಾರೂ ಕಾಣದಷ್ಟು ಮೇಲೆ ಹೋದಾಗ ಎಷ್ಟೋ ಮನೆಗಳಲ್ಲಿ ಊಟದ ಹೊತ್ತೆಲ್ಲ ಅದೇ ಆಯಿತು. ಇವತ್ತು ಕೊಟ್ಟಿದ್ದರೆ ಅಷ್ಟು, ನಿನ್ನೆ ಕೊಟ್ಟವರಿಗೆ ಇಷ್ಟು. ಮೂಟೆ ಗೋಡೌನಿನಲ್ಲಿದೆ, ರಾತ್ರಿ ಹತ್ತಕ್ಕೆ ಯಾರೂ ಕೊಳ್ಳಲು ಬರುವುದಿಲ್ಲ. ಬೆಳಿಗ್ಗೆ ವ್ಯಾಪಾರಿಗೆ ಫೋನ್ ಮಾಡುವ ಮುಂಚೆ ಒಂದು ಸಲ ನೋಡಿದರೆ ಸಾಕಾಗುವ ವಿಷಯ ಇದು. ಮಾರಲೇಬೇಕು ಅಂತ ತೀರ್ಮಾನ ಮಾಡಿದ ವಾರದಲ್ಲಿ ಬೇಕಾದರೆ ಎರಡು ಸಲ ನೋಡಿ.

ಹಾಗಾದರೆ ಎಲ್ಲ ಬಂದ್ ಮಾಡಿಬಿಟ್ಟರೆ? ಇದನ್ನೂ ಪ್ರಯೋಗ ಮಾಡಿ ನೋಡಿದ್ದಾರೆ. 2015ರಲ್ಲಿ ಕುಶ್ಲೆವ್ ಮತ್ತು ಡನ್ ಅನ್ನುವ ಇಬ್ಬರು 124 ಜನರಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಇಮೇಲ್ ನೋಡಿ ಅಂದರು, ಇನ್ನೊಂದು ವಾರ ಎಷ್ಟು ಸಲ ಬೇಕಾದರೂ ನೋಡಿ ಅಂದರು. ಮೂರು ಸಲದ ವಾರದಲ್ಲಿ ಒತ್ತಡ ಕಡಿಮೆ ಇತ್ತು. 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 237 ಜನ ಇದ್ದರು. ಕೆಲವರಿಗೆ ಫೋನಿನ ನೋಟಿಫಿಕೇಶನ್‌ಗಳನ್ನು ಕೂಡಿಸಿಟ್ಟು ಗೊತ್ತಾದ ಹೊತ್ತಿಗೆ ಒಟ್ಟಿಗೆ ಕೊಟ್ಟರು. ಕೆಲವರಿಗೆ ಪೂರ್ತಿ ನಿಲ್ಲಿಸಿದರು. ಗೊತ್ತಾದ ಹೊತ್ತಿಗೆ ಸಿಕ್ಕವರು ಹಗುರಾದರು, ಕೆಲಸ ಚೆನ್ನಾಗಿ ಆಯಿತು ಅಂದರು. ಪೂರ್ತಿ ನಿಲ್ಲಿಸಿದವರಿಗೆ ಮಾತ್ರ ಆತಂಕ ಜಾಸ್ತಿಯಾಯಿತು, ಏನು ತಪ್ಪಿಹೋಯಿತೋ ಅಂತ. ನಮ್ಮ ಬೆಳೆಗಾರರು ಹೇಳಿದ್ದೂ ಇದೇ ಅಲ್ವಾ? ಹಾಗಾಗಿ ಮೊಬೈಲ್ ಉಪವಾಸ, ವಾರವಿಡೀ ಫೋನ್ ಬಂದ್, ಇಂಥದ್ದರ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಯಾವ ಹೊತ್ತಿಗೆ ನೋಡುತ್ತೇನೆ ಅನ್ನುವುದು ನಿಮಗೂ ಗೊತ್ತಿರಬೇಕು, ಕಾಯುವವರಿಗೂ ಗೊತ್ತಿರಬೇಕು. ನೆಮ್ಮದಿ ಬರುವುದು ಅಲ್ಲಿಂದ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದು ಹಳ್ಳಿ. 2022ರಲ್ಲಿ ಅಲ್ಲಿ ಸಂಜೆ ಏಳಕ್ಕೆ ದೇವಸ್ಥಾನದಿಂದ ಸೈರನ್ ಕೂಗಿಸಲು ಶುರು ಮಾಡಿದರು. ಸೈರನ್ ಆದ ಮೇಲೆ ಎಂಟೂವರೆವರೆಗೆ ಟೀವಿ, ಮೊಬೈಲ್ ಎಲ್ಲ ಬಂದ್. ಕೊರೊನಾ ಕಾಲದ ಆನ್‌ಲೈನ್ ಪಾಠ ಮುಗಿದರೂ ಮಕ್ಕಳ ಕೈಯಿಂದ ಫೋನ್ ಹೋಗಲಿಲ್ಲ ಅಂತ ಊರಿನವರೇ ಕೂತು ಮಾಡಿಕೊಂಡ ತೀರ್ಮಾನ. ನನಗೆ ಇದರಲ್ಲಿ ಇಷ್ಟವಾದದ್ದು ಮಕ್ಕಳಿಗೆ ಮಾತ್ರ ಅಂತ ಮಾಡಲಿಲ್ಲ ಅನ್ನುವುದು. ಅಪ್ಪ ಅಮ್ಮನೂ ಇಡಬೇಕು. ನಮ್ಮಲ್ಲಿ ಸೈರನ್ ಬೇಡ, ಒಂದು ಮನೆಯಲ್ಲಿ ಊಟದ ಹೊತ್ತು ಅಂತ ಇಟ್ಟುಕೊಂಡರೆ ಸಾಕು. ಆದರೆ ಅಪ್ಪನ ಫೋನಿಗೆ ವಿನಾಯಿತಿ ಕೊಟ್ಟರೆ ಆ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ಮಲಗುವ ಹೊತ್ತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪರದೆಯ ಬೆಳಕು ನಿದ್ದೆ ಕೆಡಿಸುತ್ತದೆ ಅನ್ನುವುದು ನಿಜ. ಹನ್ನೆರಡು ಜನರನ್ನು ಲ್ಯಾಬಿನಲ್ಲಿ ಇಟ್ಟು, ಕೆಲವು ರಾತ್ರಿ ಬೆಳಕಿನ ಪರದೆಯಲ್ಲಿ, ಕೆಲವು ರಾತ್ರಿ ಕಾಗದದಲ್ಲಿ ಓದಿಸಿ ನೋಡಿದ್ದಾರೆ. ಪರದೆಯಲ್ಲಿ ಓದಿದವರಿಗೆ ನಿದ್ದೆ ಹತ್ತುವುದು ಸುಮಾರು ಹತ್ತು ನಿಮಿಷ ತಡವಾಯಿತು, ನಿದ್ದೆಗೆ ಬೇಕಾದ ಮೆಲಟೋನಿನ್ ಕಡಿಮೆಯಾಗಿತ್ತು. ಹತ್ತು ನಿಮಿಷ. ಆದರೆ ನನ್ನ ಹತ್ತಿರ ಬರುವವರ ನಿದ್ದೆ ಹೋಗುವುದು ಹತ್ತು ನಿಮಿಷ ಅಲ್ಲ, ಎರಡು ಗಂಟೆ, ಮೂರು ಗಂಟೆ. ಅದು ಬೆಳಕಿನಿಂದ ಆಗುವುದಲ್ಲ, ಮೆಸೇಜಿನಲ್ಲಿ ಇರುವುದರಿಂದ ಅಂತ ನನ್ನ ಅಭಿಪ್ರಾಯ. ಫೋನಿನ ಬೆಳಕನ್ನು ಹಳದಿ ಮಾಡಿಕೊಂಡು ಅದೇ ‘ಅತಿ ತುರ್ತು’ ಓದಿದರೆ ಏನು ಬಂತು?

ರಾತ್ರಿ ಫೋನ್ ಹಾಲಿನಲ್ಲಿ ಇಡಿ. ಅಪ್ಪ ಅಮ್ಮ ಊರಿನಲ್ಲಿದ್ದಾರೆ, ಏನಾದರೂ ಆದರೆ ಅನ್ನುವವರು ಡು ನಾಟ್ ಡಿಸ್ಟರ್ಬ್ ಹಾಕಿ, ಅವರ ನಂಬರುಗಳಿಗೆ ಮಾತ್ರ ಬಿಡಿ. ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಶಬ್ದ ಬರಲಿ ಅನ್ನುವ ಆಯ್ಕೆಯೂ ಆ್ಯಂಡ್ರಾಯ್ಡ್‌ನಲ್ಲಿದೆ. ನಿಜವಾಗಿ ತುರ್ತು ಇರುವವರು ಎರಡು ಸಲ ಮಾಡಿಯೇ ಮಾಡುತ್ತಾರೆ.

ವಯಸ್ಸಾದವರ ಕಷ್ಟ ಬೇರೆ. ಅವರಿಗೆ ಫೋನ್ ಜಾಸ್ತಿಯಾಗಿಲ್ಲ, ಫೋನಿಲ್ಲದೆ ಏನೂ ನಡೆಯದ ಹಾಗೆ ಆಗಿದೆ. ಜೀವಮಾನವಿಡೀ ಮಣ್ಣಿನಲ್ಲಿ ದುಡಿದ ಬೆರಳು, ಗೆರೆ ಸವೆದಿದೆ, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಹತ್ತುವುದಿಲ್ಲ. ಪೆನ್ಶನ್ ಯಾಕೆ ಬಂದಿಲ್ಲ ಅಂತ ಕೇಳಲು ಹೋದರೆ ಸರ್ವರ್ ಡೌನ್, ನಾಳೆ ಬಾ ಅಜ್ಜ. ಓಟಿಪಿ ಯಾರಿಗೂ ಹೇಳಬೇಡಿ ಅಂತ ಟೀವಿಯಲ್ಲಿ ಹೇಳುತ್ತಾರೆ, ಇಲ್ಲಿ ಕೌಂಟರಿನಲ್ಲಿ ಕೂತವರು ಓಟಿಪಿ ಹೇಳು ಅನ್ನುತ್ತಾರೆ. ಯಾವುದು ಸರಿ? ಅವರ ಗಾಬರಿಗೆ ಕಾರಣ ಇದೆ. ಮನೆಯ ಹುಡುಗರು ‘ನಿನಗೆ ಗೊತ್ತಾಗಲ್ಲ ಬಿಡಜ್ಜಿ’ ಅಂತ ಫೋನ್ ಕಿತ್ತುಕೊಂಡು ತಾವೇ ಒತ್ತಿ ಕೊಡುವುದು ನಿಲ್ಲಿಸಬೇಕು. ಪಕ್ಕದಲ್ಲಿ ಕೂತು ಅವರ ಬೆರಳಿನಿಂದಲೇ ಒತ್ತಿಸಿ, ತಪ್ಪಿದರೆ ಇನ್ನೊಂದು ಸಲ. ವಿಡಿಯೋ ಕರೆಯಲ್ಲಿ ಪೊಲೀಸ್ ಬಟ್ಟೆ ಹಾಕಿಕೊಂಡು ‘ಡಿಜಿಟಲ್ ಅರೆಸ್ಟ್’ ಅಂದರೆ ಅದು ಮೋಸ, ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ, ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಅರ್ಧ ಭಯ ಅದರಿಂದಲೇ ಇಳಿಯುತ್ತದೆ.

ಮಾತು ಇಷ್ಟಕ್ಕೆ ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ.

ಒಬ್ಬ ತಾಯಿ ಎದ್ದು ನಿಂತರು. ‘ಪಿಯುಸಿ ಓದುವ ಮಗ ಮೇಡಂ. ಫೋನ್ ತೆಗೆದುಕೊಂಡರೆ ಊಟ ಬಿಡುತ್ತಾನೆ, ಬಾಗಿಲು ಒದೆಯುತ್ತಾನೆ. ಇದು ಬರೀ ಒತ್ತಡಾನಾ?’

ಇದು ಬೇರೆ ಹಂತ, ಅಮ್ಮ. ನಿದ್ದೆ, ಊಟ, ಓದು, ಗೆಳೆಯರು ಎಲ್ಲ ಕೈಬಿಟ್ಟು ಹೋಗಿ ಫೋನ್ ಮಾತ್ರ ಉಳಿದಿದ್ದರೆ ಮನೆಯಲ್ಲೇ ಬೈದು ಸರಿ ಮಾಡುವುದಕ್ಕೆ ಹೋಗಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಹೋಗುವ ಮುಂಚೆ ಇಲ್ಲೇ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯರನ್ನು ಕಾಣಿ. ಫೋನಿನಲ್ಲೇ ಮಾತಾಡಬೇಕಾದರೆ ಟೆಲಿ ಮಾನಸ್, 14416. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಉಚಿತ ಸೇವೆ ಅದು, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗ ಬರಲು ಒಪ್ಪದಿದ್ದರೆ ನೀವೇ ಮೊದಲು ಮಾಡಿ ಮಾತಾಡಿ. ಆಮೇಲೆ ಒಂದು ವಿಷಯ. ಫೋನ್ ಒಳಗೆ ಅವನು ಏನು ನೋಡುತ್ತಾನೆ ಅನ್ನುವುದಕ್ಕಿಂತ ಫೋನ್ ಇಟ್ಟರೆ ಅವನಿಗೆ ಏನು ಕಾಡುತ್ತದೆ ಅಂತ ಕೇಳಿ. ಎಷ್ಟೋ ಸಲ ಅಲ್ಲಿ ಫೇಲಾಗುವ ಭಯವೋ ಕಾಲೇಜಿನಲ್ಲಿ ಯಾರೋ ಹೀಯಾಳಿಸಿದ್ದೋ ಇರುತ್ತದೆ.

ಮೂಡಿಗೆರೆ ಕಡೆಯ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಒಬ್ಬ ಹುಡುಗ ಬಂದಿದ್ದ. ‘ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ, ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ. ಮೀಟಿಂಗ್ ನಡುವೆ ಕಟ್ ಆದರೆ ಎದೆ ಹೊಡ್ಕೊಳ್ಳುತ್ತೆ. ನಾನು ಕೆಲಸ ಮಾಡ್ತಿಲ್ಲ ಅಂದ್ಕೋತಾರೆ ಅಂತ.’

ಅವರಿಗೆ ನಿಮ್ಮ ಊರಿನ ಮಳೆ ಗೊತ್ತಿಲ್ಲ, ಹೇಳದೆ ಗೊತ್ತಾಗುವುದೂ ಇಲ್ಲ. ಜೂನ್ ಬರುವ ಮುಂಚೆಯೇ ಟೀಮಿಗೆ ಬರೆದು ತಿಳಿಸಿ, ಸಂಪರ್ಕ ಹೋದರೆ ಇಂಥವರಿಗೆ ಎಸ್ಸೆಮ್ಮೆಸ್ ಮಾಡುತ್ತೇನೆ, ನನ್ನ ಪಾಲಿನ ಕೆಲಸವನ್ನು ಆಫ್‌ಲೈನ್ ಮಾಡಿ ಇಷ್ಟು ಹೊತ್ತಿನೊಳಗೆ ಕಳಿಸುತ್ತೇನೆ ಅಂತ. ಪ್ರತಿ ಸಲ ಕಟ್ ಆದಾಗ ಹೊಸದಾಗಿ ಕ್ಷಮೆ ಕೇಳುವ ಪಾಡು ತಪ್ಪುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಮುಖ್ಯಶಿಕ್ಷಕರದ್ದು. ‘ಮೇಡಂ, ನೀವು ಹೇಳೋದೆಲ್ಲ ಸರಿ. ನಾನು ಶಿಕ್ಷಕರಿಗೆ ರಾತ್ರಿ ಮೆಸೇಜ್ ಹಾಕಬಾರದು ಅಂದ್ಕೊಂಡಿದೀನಿ. ಆದರೆ ನನಗೇ ಮೇಲಿನಿಂದ ರಾತ್ರಿ ಬರುತ್ತಲ್ಲ? ಅವರಿಗೂ ಅವರ ಮೇಲಿನಿಂದ ಬಂದಿರುತ್ತೆ.’

ಮೇಷ್ಟ್ರೇ, ಇಡೀ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೇ. ಬೇರೆ ದೇಶಗಳಲ್ಲಿ ಇದಕ್ಕೆ ಕಾನೂನೇ ಇದೆ. ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಕೆಲಸದ ಹೊತ್ತಿನ ಆಚೆಗೆ ನೌಕರರಿಗೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಇದೆ. ನಮ್ಮ ಲೋಕಸಭೆಯಲ್ಲೂ 2018ರಲ್ಲಿ ಸುಪ್ರಿಯಾ ಸುಳೆ ಖಾಸಗಿ ಮಸೂದೆ ತಂದಿದ್ದರು, ಅದು ಕಾನೂನಾಗಲಿಲ್ಲ. ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ರಾತ್ರಿ ನಿಮಗೆ ಬಂದದ್ದನ್ನು ಅಲ್ಲೇ ಶಾಲೆಯ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಬೆಳಿಗ್ಗೆ ಎಂಟಕ್ಕೆ ಹಾಕಿ, ಮಾಹಿತಿ ಯಾರ ಹತ್ತಿರ ಇದೆಯೋ ಅವರ ಹೆಸರು ಬರೆದು ಹಾಕಿ, ಉಳಿದವರು ಓಕೆ ಹಾಕುವುದು ಬೇಡ ಅಂತಲೂ ಬರೆಯಿರಿ. ನಿಜವಾಗಿಯೂ ರಾತ್ರಿಯೇ ಬೇಕಾದದ್ದು, ಮಳೆಗೆ ರಜೆ ಘೋಷಣೆ ಆದಂಥದ್ದು ಬಂದರೆ ಮೆಸೇಜ್ ಹಾಕಿ ಕೂರಬೇಡಿ, ಕರೆ ಮಾಡಿ. ಆಗ ನಿಮ್ಮ ಶಿಕ್ಷಕರಿಗೆ ಒಂದು ನಂಬಿಕೆ ಬರುತ್ತದೆ, ಹೆಡ್‌ಮೇಷ್ಟ್ರು ಫೋನ್ ಮಾಡಿಲ್ಲ ಅಂದರೆ ಏನೂ ಇಲ್ಲ ಅಂತ.

ಮೇಲಿನವರಿಗೆ ಒಬ್ಬರೇ ಹೋಗಿ ಹೇಳುವುದು ಕಷ್ಟ, ಗೊತ್ತು. ಮುಂದಿನ ಸಲ ಸುತ್ತಲಿನ ಶಾಲೆಗಳೆಲ್ಲ ಸೇರುವ ಕ್ಲಸ್ಟರ್ ಸಭೆಯಲ್ಲಿ ನಾಲ್ಕೈದು ಮುಖ್ಯಶಿಕ್ಷಕರು ಸೇರಿ ಎರಡೇ ವಿಷಯ ಎತ್ತಿ. ಸಂಜೆ ಏಳರ ಮೇಲೆ ಮಾಹಿತಿ ಕೇಳಿದರೆ ಉತ್ತರಕ್ಕೆ ಮರುದಿನ ಸಂಜೆವರೆಗೆ ಸಮಯ ಇರಬೇಕು. ಒಂದು ಆ್ಯಪಿನಲ್ಲಿ ಈಗಾಗಲೇ ತುಂಬಿದ ಮಾಹಿತಿಯನ್ನು ಮತ್ತೆ ವಾಟ್ಸಾಪಿನಲ್ಲಿ ಕೇಳಬಾರದು. ಬಾಯಿಮಾತಲ್ಲಿ ಬಿಡಬೇಡಿ, ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸಿ, ಅದರ ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ಕ್ಲಸ್ಟರಿನಲ್ಲಿ ಆದರೆ ಪಕ್ಕದವರು ಕೇಳುತ್ತಾರೆ. ಆಲೂರಿನ ಮೇಡಂ ಒಬ್ಬರು ಆಗಲೇ ಬರೆದುಕೊಳ್ಳುತ್ತಿದ್ದರು, ಈ ತಿಂಗಳ ಸಭೆಯಲ್ಲೇ ಇಡುತ್ತೇವೆ ಅಂದರು.